ರವಿವರ್ಮರ ಭಾವಚಿತ್ರಗಳ ಹಿಂದಿನ ಬಂಧುಬಳಗ

ತಲಪಾಡಿಯಿಂದ ತೆಂಕಕ್ಕೆ ಹೆದ್ದಾರಿ ಆರು ಪಥವಾಗಿ ಅಗಲವಾದಾಗ ದಾರಿಬದಿಯ ಎಷ್ಟೋ ಹಳೆಯ ಕಟ್ಟಡಗಳು ನೆಲಸಮವಾದವು. ಒಳನಾಡಿನಲ್ಲಿ ಅದೇ ಕೆಲಸವನ್ನು ಪಾಲುಪಟ್ಟಿ ಸದ್ದಿಲ್ಲದೆ ಮಾಡುತ್ತಿದೆ. ಮನೆ ಕೆಡವುವ ಮೊದಲು ಅಟ್ಟವನ್ನೂ ಉಪ್ಪರಿಗೆಯನ್ನೂ ಖಾಲಿ ಮಾಡುವಾಗ ಗಾಜು ಒಡೆದ ಚೌಕಟ್ಟುಗಳು ಕೆಳಗಿಳಿಯುತ್ತವೆ: ಮುಂಡಾಸು ಸುತ್ತಿದ ಹಿರಿಯರು, ಕತ್ತಿನ ತುಂಬ ಚಿನ್ನವಿರುವ ಹೆಸರು ಮರೆತ ಅಜ್ಜಿ, ಕಮಲದ ಮೇಲೆ ನಿಂತ ಲಕ್ಷ್ಮಿ. ಮಕ್ಕಳು ಮೊಮ್ಮಕ್ಕಳು ಬೆಂಗಳೂರಿನಿಂದಲೋ ದುಬೈಯಿಂದಲೋ ಬಂದು ನೋಡುವ ಮೊದಲೇ ಹಳೆ ಸಾಮಾನಿನ ವ್ಯಾಪಾರಿ ಅಂಗಳಕ್ಕೆ ಬಂದಿರುತ್ತಾನೆ.

2023ರ ಏಪ್ರಿಲ್‌ನಲ್ಲಿ ಮುಂಬೈಯ ಹರಾಜಿನಲ್ಲಿ ರಾಜಾ ರವಿವರ್ಮರ ಯಶೋದೆ ಮತ್ತು ಕೃಷ್ಣರ ತೈಲಚಿತ್ರ 38 ಕೋಟಿ ರೂಪಾಯಿಗೆ ಹೋಯಿತು. ಇಂಥ ಸುದ್ದಿ ಓದಿದವರು ತಮ್ಮ ಚಾವಡಿಯ ಗೋಡೆಯನ್ನು ಇನ್ನೊಮ್ಮೆ ನೋಡುವುದು ಸಹಜ. ‘ನಮ್ಮಲ್ಲಿರುವುದೂ ರವಿವರ್ಮನದೇ ಇರಬಹುದೇ?’ ಎಂಬುದು ಪ್ರಶ್ನೆ. ಚುಟುಕಾಗಿ ಹೇಳುವುದಾದರೆ, ಹೆಚ್ಚುಕಮ್ಮಿ ಯಾವಾಗಲೂ ಅಲ್ಲ. ಅದು ಅಚ್ಚಿನ ಪ್ರತಿ. ಆದರೆ ಮೂಲಚಿತ್ರಗಳು ಅರಮನೆಗಳಲ್ಲಿಯೇ ಏಕೆ ಉಳಿದವು, ಅಚ್ಚಿನ ಪ್ರತಿಗಳು ನಮ್ಮವರೆಗೆ ಹೇಗೆ ಬಂದವು ಎಂದು ತಿಳಿಯಬೇಕಾದರೆ ಚಿತ್ರಕಾರನ ಕುಂಚಕ್ಕಿಂತ ಮೊದಲು ಅವರ ನಂಟಸ್ತಿಕೆಯನ್ನು ನೋಡಬೇಕು.

ಭಾವಚಿತ್ರವನ್ನು ಏಕೆ ಬರೆಸುತ್ತಿದ್ದರು?

ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೋಲಿಕೆ ಸಿಗುವಂತೆ ಬರೆದ ಚಿತ್ರವೇ ಭಾವಚಿತ್ರ. ಕ್ಯಾಮೆರಾ ಇಲ್ಲದ ಕಾಲದಲ್ಲಿ, ಇದ್ದರೂ ಅದಕ್ಕೆ ಬಣ್ಣ ಬಾರದ ಕಾಲದಲ್ಲಿ, ದೊಡ್ಡ ಮನೆತನದವರು ಇದನ್ನು ಕೇವಲ ನೆನಪಿಗಾಗಿ ಬರೆಸುತ್ತಿರಲಿಲ್ಲ. ದರ್ಬಾರಿಗೆ ಬಂದವರಿಗೆ ಗದ್ದುಗೆ ಯಾರದೆಂದು ತೋರಿಸಲು, ಸಂಬಂಧಿ ಅರಮನೆಗೆ ಕಾಣಿಕೆ ಕೊಡಲು, ವಾರಸುದಾರ ಇವನೇ ಎಂದು ಸಾರಲು, ಬ್ರಿಟಿಷ್ ಗವರ್ನರರ ಸ್ನೇಹವನ್ನು ಗೋಡೆಯ ಮೇಲೆ ಉಳಿಸಿಕೊಳ್ಳಲು ಅದು ಬೇಕಾಗುತ್ತಿತ್ತು.

ಆದ್ದರಿಂದ ಅಂಥ ಚಿತ್ರಗಳಲ್ಲಿ ಮುಖದಷ್ಟೇ ಮಾತು ಉಡುಗೆಯದು. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದಾಗ ಬಾಯಿ ತೆರೆಯುವ ಮೊದಲೇ ಕಿರೀಟ, ಮುಖವರ್ಣಿಕೆಗಳಿಂದ ಅದು ರಾಜವೇಷವೋ ಬಣ್ಣದ ವೇಷವೋ ಎಂದು ನಮ್ಮ ಹಳ್ಳಿಯ ಮಗುವೂ ಹೇಳುತ್ತದೆಯಲ್ಲ, ಭಾವಚಿತ್ರ ಓದುವುದೂ ಹಾಗೆಯೇ. ಎದೆಯ ಮೇಲಿನ ಪದಕ, ಕೈಯಲ್ಲಿನ ಪುಸ್ತಕ, ಹಿನ್ನೆಲೆಯ ಪರದೆ, ಕುರ್ಚಿಯ ಕಾಲು ಎಲ್ಲವೂ ಆರಿಸಿ ಇಟ್ಟವು. ಬರೆಸಿಕೊಂಡವರು ತಾವು ಹೇಗೆ ಕಾಣಬೇಕೆಂದು ಬಯಸಿದರೋ ಆ ರೂಪ ಚಿತ್ರದಲ್ಲಿದೆ. ಅವರು ನಿಜಕ್ಕೂ ಹಾಗೆಯೇ ಇದ್ದರೆಂದು ಅದರಿಂದ ತೀರ್ಮಾನಿಸಲಾಗದು.

ಮೊದಲು ಬಂದವರು ಕಡಲಾಚೆಯವರು

ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಬಟ್ಟೆಯ ಮೇಲೆ ಬರೆಯುವುದೇ ತೈಲಚಿತ್ರ. ಎಣ್ಣೆ ನಿಧಾನವಾಗಿ ಒಣಗುವುದರಿಂದ ಒಂದು ಬಣ್ಣವನ್ನು ಇನ್ನೊಂದರೊಳಗೆ ಮೆಲ್ಲನೆ ಬೆರೆಸಬಹುದು. ಕೆನ್ನೆಯ ಉಬ್ಬು, ರೇಷ್ಮೆಯ ಹೊಳಪು, ಚಿನ್ನದ ಮೇಲಿನ ಬೆಳಕು ಕಣ್ಣಿಗೆ ಕಟ್ಟುವಂತೆ ಬರುವುದು ಇದರಿಂದಲೇ. ದಕ್ಷಿಣದ ಅರಮನೆಗಳಲ್ಲಿ ಮೊದಲಿದ್ದದ್ದು ತಂಜಾವೂರು ಮಾದರಿಯ, ಚಿನ್ನದ ಹಾಳೆ ಅಂಟಿಸಿದ, ನೆರಳು ಕಡಿಮೆಯಿರುವ ಚಿತ್ರಗಳು. ತೈಲಚಿತ್ರದ ಈ ಪದ್ಧತಿಯನ್ನು ಹೊತ್ತು ತಂದವರು ಯುರೋಪಿನ ಅಲೆಮಾರಿ ಚಿತ್ರಕಾರರು. 1769ರಲ್ಲಿ ಮದರಾಸಿಗೆ ಬಂದಿಳಿದ ಟಿಲ್ಲಿ ಕೆಟಲ್ ಅವರಲ್ಲಿ ಮೊದಲಿಗರು.

ಕನ್ನಡಿಗರಿಗೆ ಹತ್ತಿರದ ಹೆಸರು ಥಾಮಸ್ ಹಿಕ್ಕಿ. 1799ರ ಶ್ರೀರಂಗಪಟ್ಟಣದ ಯುದ್ಧದ ಬಳಿಕ ಮೈಸೂರಿನ ಹೊಸ ಆಳ್ವಿಕೆಯ ಮುಖ್ಯರನ್ನು, ದಿವಾನ ಪೂರ್ಣಯ್ಯನವರನ್ನೂ ಸೇರಿಸಿ, ಅವರು ಚಿತ್ರಿಸಿದರು. 1805ರ ಅವರ ಚಿತ್ರವೊಂದರಲ್ಲಿ ಮೈಸೂರು ಅರಮನೆಯ ಮೂವರು ಮಹಿಳೆಯರು ಒಟ್ಟಿಗೆ ನಿಂತಿದ್ದಾರೆ. ಒಬ್ಬರು ರಾಣಿ ದೇವಾಜಮ್ಮಣ್ಣಿ ಎಂದು ಸಂಶೋಧಕರು ಗುರುತಿಸಿದ್ದಾರೆ. ಸೀರೆಯ ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವ ಅವರ ಭಂಗಿ ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆಯನ್ನು ಜನರಿಗೆ ಪರಿಚಯಿಸುವುದಕ್ಕಾಗಿ ಎಂಬುದು ಆ ಸಂಶೋಧಕರ ವಾದ. ಅಂತಃಪುರದ ಹೆಂಗಸರು ಪರದೇಶಿ ಚಿತ್ರಕಾರನೆದುರು ನಿಂತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ವಾದ ಸರಿಯಾಗಿದ್ದರೆ, ಅದು ಆರೋಗ್ಯ ಇಲಾಖೆಯ ಭಿತ್ತಿಪತ್ರಗಳ ಹಿರಿಯಜ್ಜಿ ಎನ್ನಬೇಕು.

ಆದರೆ ಹಿಕ್ಕಿಯಂಥವರು ಹೊರಗಿನಿಂದ ಬಂದು ಕೂಲಿ ಪಡೆದು ಹೋದವರು. ಎಪ್ಪತ್ತು ವರ್ಷಗಳ ಬಳಿಕ ತಿರುವಾಂಕೂರಿನಲ್ಲಿ ನಡೆದದ್ದು ಬೇರೆ. ಅಲ್ಲಿ ಚಿತ್ರಕಾರ ಬಳಗದ ಒಳಗಿನವರೇ ಆಗಿದ್ದರು.

ಕಿಳಿಮಾನೂರು, ಮಾವೇಲಿಕ್ಕರ, ತಿರುವನಂತಪುರ

ಇಲ್ಲಿ ಕಾಸರಗೋಡಿನ ಓದುಗರಿಗೆ ಒಂದು ಅನುಕೂಲವಿದೆ. ತಿರುವಾಂಕೂರಿನ ರಾಜಮನೆತನ ನಡೆಯುತ್ತಿದ್ದದ್ದು ಮರುಮಕ್ಕತ್ತಾಯದ ಮೇಲೆ. ನಮ್ಮ ಗುತ್ತು ಬೀಡುಗಳ ಅಳಿಯಸಂತಾನವೂ ಅದೇ ಜಾತಿಯ ಕಟ್ಟಳೆ. ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ರಾಜನ ಉತ್ತರಾಧಿಕಾರಿ ಅವನ ಮಗನಲ್ಲ, ಸೋದರಿಯ ಮಗ. ಹೀಗಾಗಿ ರಾಜನ ಹೆಂಡತಿ ರಾಣಿಯಾಗುವುದಿಲ್ಲ. ರಾಜನ ಅಕ್ಕತಂಗಿಯರು, ಸೋದರಸೊಸೆಯರು ರಾಣಿಯರು. ಆ ರಾಣಿಯರನ್ನು ಮದುವೆಯಾಗುವ ಗಂಡಸರಿಗೆ ಅಧಿಕಾರವಿಲ್ಲ, ಗೌರವವಿದೆ. ಅವರನ್ನು ಕೋಯಿತ್ತಂಬುರಾನ್ ಎಂದು ಕರೆಯುತ್ತಿದ್ದರು. ಅಂಥ ವರಗಳನ್ನು ಕೊಡುತ್ತಿದ್ದ ಕೆಲವೇ ಮನೆತನಗಳಿದ್ದವು. ಅವುಗಳಲ್ಲಿ ಒಂದು ಕಿಳಿಮಾನೂರು. ತಿರುವಾಂಕೂರನ್ನು ಕಟ್ಟಿದ ಮಾರ್ತಾಂಡವರ್ಮನ ತಂದೆ ಆ ಮನೆಯವರು.

1848ರ ಏಪ್ರಿಲ್ 29ರಂದು ರವಿವರ್ಮ ಹುಟ್ಟಿದ್ದು ಅದೇ ಕಿಳಿಮಾನೂರಿನಲ್ಲಿ. ಸೋದರಮಾವ ರಾಜರಾಜವರ್ಮ ತಂಜಾವೂರು ಶೈಲಿಯಲ್ಲಿ ಹವ್ಯಾಸಕ್ಕಾಗಿ ಚಿತ್ರ ಬರೆಯುತ್ತಿದ್ದವರು. ಅಳಿಯನ ಕೈಗುಣ ಗುರುತಿಸಿದ ಅವರು 1862ರಲ್ಲಿ ಹುಡುಗನನ್ನು ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳ್ ಅವರಿಗೆ ಪರಿಚಯಿಸಿದರು. ಬೇರೆ ಯಾವ ಹುಡುಗನಾದರೂ ಅರಮನೆಯ ಹೆಬ್ಬಾಗಿಲಲ್ಲೇ ನಿಲ್ಲಬೇಕಿತ್ತು. ಈ ಹುಡುಗ ನೆಂಟನಾಗಿ ಒಳಗೆ ಹೋದ.

1866ರಲ್ಲಿ ನಂಟು ಇನ್ನೂ ಬಿಗಿಯಾಯಿತು. ಮಾವೇಲಿಕ್ಕರ ಮನೆತನದ ಇಬ್ಬರು ಹೆಣ್ಣುಮಕ್ಕಳನ್ನು, ಲಕ್ಷ್ಮೀಬಾಯಿ ಮತ್ತು ಪಾರ್ವತೀಬಾಯಿಯನ್ನು, ತಿರುವಾಂಕೂರು ರಾಜಮನೆತನ 1857ರಲ್ಲಿ ದತ್ತು ಪಡೆದಿತ್ತು. ತಾಯಿಯ ಕಡೆಯ ವಂಶದಲ್ಲಿ ಹೆಣ್ಣುಮಕ್ಕಳಿಲ್ಲದೆ ಹೋದರೆ ಹೀಗೆ ದತ್ತು ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಅವರ ತಂಗಿ ಭಾಗೀರಥಿಯನ್ನು ರವಿವರ್ಮ ಮದುವೆಯಾದರು. ಹಿರಿಯ ರಾಣಿ ಲಕ್ಷ್ಮೀಬಾಯಿಯ ಪತಿ ಕೇರಳವರ್ಮ ವಲಿಯ ಕೋಯಿತ್ತಂಬುರಾನ್ ಸಂಸ್ಕೃತ ಮತ್ತು ಮಲಯಾಳದ ದೊಡ್ಡ ಕವಿ, ‘ಕೇರಳ ಕಾಳಿದಾಸ’ ಎಂದು ಹೆಸರಾದವರು. ಹೀಗೆ ಚಿತ್ರಕಾರ ಮತ್ತು ಕವಿ ಒಂದೇ ಮನೆಯ ಅಕ್ಕತಂಗಿಯರನ್ನು ಕೈಹಿಡಿದ ಷಡ್ಡಕರು. ರಾಣಿ ಲಕ್ಷ್ಮೀಬಾಯಿಯ ಭಾವಚಿತ್ರವನ್ನು ರವಿವರ್ಮ ಬರೆದಾಗ ಎದುರು ಕುಳಿತಿದ್ದವರು ಸಂಸ್ಥಾನದ ರಾಣಿಯೂ ಹೌದು, ಹೆಂಡತಿಯ ಅಕ್ಕನೂ ಹೌದು.

ಈ ಬಳಗದ ಒಳಗಿರುವುದು ಸುಖವೇ ಆಗಿತ್ತು ಎಂದುಕೊಳ್ಳಬಾರದು. 1875ರಲ್ಲಿ ಆಯಿಲ್ಯಂ ತಿರುನಾಳ್ ಮಹಾರಾಜರು ಕೇರಳವರ್ಮರನ್ನು ಸೆರೆಗೆ ಹಾಕಿಸಿದರು. ಮಹಾರಾಜರು ತೀರಿಕೊಂಡ 1880ರವರೆಗೆ ರಾಣಿ ಗಂಡನಿಂದ ದೂರವೇ ಇರಬೇಕಾಯಿತು. ಆ ಅಗಲಿಕೆಯನ್ನೇ ಕವಿ ಮುಂದೆ ನವಿಲಿನ ಮೂಲಕ ಸಂದೇಶ ಕಳಿಸುವ ಕಾವ್ಯವಾಗಿಸಿದರು. ಮುಂದಿನ ಮಹಾರಾಜ, ಆಯಿಲ್ಯಂ ಅವರ ತಮ್ಮ ವಿಶಾಖಂ ತಿರುನಾಳ್ ಪಟ್ಟಕ್ಕೆ ಬಂದಾಗ ಕವಿಗೆ ಬಿಡುಗಡೆಯಾಯಿತು, ಆದರೆ ಚಿತ್ರಕಾರನ ಕಾಲ ಕೆಟ್ಟಿತು. ಅಣ್ಣನಿಗೆ ಬೇಕಾಗಿದ್ದ ರವಿವರ್ಮರು ತಮ್ಮನ ಅವಕೃಪೆಗೆ ಗುರಿಯಾದರು. ಅವರು ತಿರುವಾಂಕೂರಿನ ಹೊರಗೆ ಕೆಲಸ ಹುಡುಕುತ್ತಾ ದೇಶ ಸುತ್ತಿದ್ದಕ್ಕೆ ಈ ಮುನಿಸೂ ಒಂದು ಕಾರಣ.

ನಂಟಿನ ಕೊನೆಯ ಕೊಂಡಿ ಎಲ್ಲಕ್ಕಿಂತ ದೊಡ್ಡದು. ಲಕ್ಷ್ಮೀಬಾಯಿಗೆ ಮಕ್ಕಳಿರಲಿಲ್ಲ. 1900ರಲ್ಲಿ ರಾಜಮನೆತನ ಮತ್ತೆ ಮಾವೇಲಿಕ್ಕರಕ್ಕೆ ಬಂದು ಇಬ್ಬರು ಪುಟ್ಟ ಹುಡುಗಿಯರನ್ನು ದತ್ತು ತೆಗೆದುಕೊಂಡಿತು. ಸೇತು ಲಕ್ಷ್ಮೀಬಾಯಿ, ಸೇತು ಪಾರ್ವತೀಬಾಯಿ ಇಬ್ಬರೂ ರವಿವರ್ಮರ ಹೆಣ್ಣುಮಕ್ಕಳ ಮಕ್ಕಳು. ಮೊದಲನೆಯವರು 1924ರಿಂದ 1931ರವರೆಗೆ ರಾಜಪ್ರತಿನಿಧಿಯಾಗಿ ತಿರುವಾಂಕೂರನ್ನು ಆಳಿದರು. ಎರಡನೆಯವರ ಮಗ ಚಿತ್ತಿರ ತಿರುನಾಳ್ ಕೊನೆಯ ಮಹಾರಾಜರು, 1936ರ ದೇವಾಲಯ ಪ್ರವೇಶ ಘೋಷಣೆ ಹೊರಡಿಸಿದವರು. ರಾಜರ ಚಿತ್ರ ಬರೆದವರ ಮರಿಮಗನೇ ರಾಜನಾದ. ಬೇರೆ ಯಾವ ಭಾರತೀಯ ಚಿತ್ರಕಾರನ ಬದುಕಿನಲ್ಲಿ ಹೀಗಾಗಿದೆ ಎಂದು ಹುಡುಕಿದರೆ ಉತ್ತರ ಸುಲಭವಾಗಿ ಸಿಗದು.

ಎಣ್ಣೆಬಣ್ಣದ ಗುಟ್ಟು

ನೆಂಟಸ್ತಿಕೆ ಬಾಗಿಲು ತೆರೆಸಿತು, ಆದರೆ ವಿದ್ಯೆ ಕೊಡಿಸಲಿಲ್ಲ. ಅರಮನೆಯಲ್ಲಿ ಎಣ್ಣೆಬಣ್ಣ ಬಲ್ಲ ಚಿತ್ರಕಾರರೊಬ್ಬರಿದ್ದರು: ಮದುರೆಯ ರಾಮಸ್ವಾಮಿ ನಾಯಕ್ಕರ್. ರಾಜನ ನೆಂಟ ಹುಡುಗ ನಾಳೆ ತನ್ನ ಜಾಗಕ್ಕೇ ಬಂದಾನು ಎಂದುಕೊಂಡರೋ ಏನೋ, ಅವರು ಕಲಿಸಲು ಒಪ್ಪಲಿಲ್ಲ. 1868ರಲ್ಲಿ ಥಿಯೋಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ರಾಜಕುಟುಂಬದ ಭಾವಚಿತ್ರ ಬರೆಯಲು ಬಂದರು. ಅವರೂ ಪಾಠ ಹೇಳಲಿಲ್ಲ. ತಾನು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಮಾತ್ರ ಬಿಟ್ಟರು. ಬಣ್ಣ ಎಷ್ಟು ದಪ್ಪ ಬಳಿಯಬೇಕು, ಒಣಗಲು ಎಷ್ಟು ಬಿಡಬೇಕು, ನೆರಳಿಗೆ ಕಪ್ಪಿನ ಬದಲು ಏನು ಬೆರೆಸಬೇಕು ಎಂಬುದನ್ನೆಲ್ಲ ರವಿವರ್ಮ ನೋಡಿಯೂ ಕೆಡಿಸಿಯೂ ಕಲಿತರು.

ಆಮೇಲಿನ ಘಟನೆ ನಮ್ಮ ಕರಾವಳಿಯದು. ಚಿತ್ರಕಲೆಯನ್ನೇ ವೃತ್ತಿ ಮಾಡಿಕೊಳ್ಳುವ ಮೊದಲು, 1870ರಲ್ಲಿ, ರವಿವರ್ಮ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಹೋಗಿ ಭಜನೆಗೆ ಕುಳಿತರು. ಆ ಯಾತ್ರೆಯ ಸಂದರ್ಭದಲ್ಲಿಯೇ ಕಲ್ಲಿಕೋಟೆಯ ಸಬ್ ಜಡ್ಜ್ ಕಿಳಕ್ಕೆ ಪಾಲಾಟ್ಟ್ ಕೃಷ್ಣ ಮೆನೋನ್ ಅವರ ಕುಟುಂಬದ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಹಣ ಪಡೆದು ಬರೆದ ಮೊದಲ ಚಿತ್ರ ಅದೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ರಾಜನ ನೆಂಟ ಕೂಲಿಗೆ ಚಿತ್ರ ಬರೆಯುವುದು ಆಗಿನ ಕಣ್ಣಿಗೆ ಅಷ್ಟೇನೂ ಗೌರವದ ಸಂಗತಿಯಾಗಿರಲಿಲ್ಲ ಎಂಬುದನ್ನು ನೆನಪಿಟ್ಟರೆ, ಆ ಹಣದ ಮಹತ್ವ ತಿಳಿಯುತ್ತದೆ. ಬರೆಸಿದವರು ಇಂಗ್ಲಿಷ್ ಕಲಿತು ನ್ಯಾಯಾಲಯದ ಹುದ್ದೆಗೇರಿದವರು. ಭಾವಚಿತ್ರದ ಆಸೆ ಅರಮನೆಯಿಂದ ಹೊರಬಿದ್ದು ಅಧಿಕಾರಿಗಳ ಮನೆಗೂ ಹಬ್ಬಿತ್ತು.

ದಿವಾನರ ಕೈ

ಬಳಗ ಎಂದರೆ ಬರೀ ರಕ್ತಸಂಬಂಧವಲ್ಲ. ಸಂಸ್ಥಾನದಿಂದ ಸಂಸ್ಥಾನಕ್ಕೆ ಹೋಗುತ್ತಿದ್ದ ದಿವಾನರು, ಅಂದರೆ ಪ್ರಧಾನಮಂತ್ರಿಗಳು, ಇನ್ನೊಂದು ಬಗೆಯ ಕೊಂಡಿ. ಟಿ. ಮಾಧವರಾವ್ 1857ರಿಂದ 1872ರವರೆಗೆ ತಿರುವಾಂಕೂರಿನ ದಿವಾನರು. ಅಲ್ಲಿಂದ ಇಂದೂರಿಗೆ, 1875ರಲ್ಲಿ ಬರೋಡಾಕ್ಕೆ ಹೋದರು. ಬರೋಡಾದ ಗದ್ದುಗೆಯಲ್ಲಿ ಆಗ ಬಾಲಕ ಸಯಾಜಿರಾವ್ ಗಾಯಕವಾಡ್; ಆಡಳಿತ ಮಾಧವರಾಯರ ಕೈಯಲ್ಲಿ. ಸಯಾಜಿರಾಯರಿಗೆ ಪೂರ್ಣಾಧಿಕಾರ ಬಂದ 1881ರಲ್ಲಿ ರವಿವರ್ಮ ಬರೋಡಾಕ್ಕೆ ಹೋದರು. ಮಹಾರಾಜರನ್ನೂ ತಂಜಾವೂರಿನಿಂದ ಸೊಸೆಯಾಗಿ ಬಂದಿದ್ದ ಚಿಮಣಾಬಾಯಿಯವರನ್ನೂ ಚಿತ್ರಿಸಿದರು. ಪರಿಚಯ ಮಾಡಿಕೊಟ್ಟ ಮಾಧವರಾಯರನ್ನು ಕೂಡ.

ಒಂದು ಅರಮನೆಯ ಚಿತ್ರ ಮುಂದಿನ ಅರಮನೆಗೆ ಶಿಫಾರಸು. ಮದರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ 1876ರಲ್ಲಿ ಶಕುಂತಲೆ ಪತ್ರ ಬರೆಯುತ್ತಿರುವ ಚಿತ್ರವನ್ನು ಕೊಂಡರು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ್ ರಾಜಕುಟುಂಬದ ಭಾವಚಿತ್ರಗಳಿಗಾಗಿ ಕರೆಸಿಕೊಂಡರು. 1888ರಲ್ಲಿ ಸಯಾಜಿರಾಯರು ಹೊಸ ಲಕ್ಷ್ಮೀವಿಲಾಸ ಅರಮನೆಗಾಗಿ 14 ಪುರಾಣಚಿತ್ರಗಳನ್ನು ಬರೆಯಲು ಒಪ್ಪಿಸಿದರು. ದೇವತೆಗಳಿಗೆ ಯಾವ ಉಡುಗೆ ಹಾಕಬೇಕೆಂದು ನಿರ್ಧರಿಸಲು ರವಿವರ್ಮ ತಮ್ಮ ಕಿರಿಯ ಸೋದರ ಸಿ. ರಾಜರಾಜವರ್ಮರೊಡನೆ ಉತ್ತರ ಭಾರತವನ್ನೆಲ್ಲ ತಿರುಗಿ, ಕೊನೆಗೆ ಸೀರೆಗೆ ಬಂದು ನಿಂತರು. ಈಗ ನಮಗೆ ಲಕ್ಷ್ಮಿಯೂ ಸರಸ್ವತಿಯೂ ಸೀರೆಯಲ್ಲದೆ ಬೇರೆ ಉಡುಗೆಯಲ್ಲಿ ಕಣ್ಣಿಗೆ ಬರುವುದೇ ಇಲ್ಲ.

ಪರಿಚಯದ ಕೊಂಡಿ ಗಟ್ಟಿಯಿಲ್ಲದ ಕಡೆ ಏನಾಗುತ್ತಿತ್ತು? 1902ರಲ್ಲಿ ಅಣ್ಣತಮ್ಮಂದಿರು ಹೈದರಾಬಾದಿಗೆ ಹೋಗಿ ಪ್ರಸಿದ್ಧ ಛಾಯಾಗ್ರಾಹಕ ರಾಜಾ ದೀನದಯಾಳರ ಆಶ್ರಯದಲ್ಲಿ ಕಾದರು. ನಿಜಾಮರಿಂದ ನಿರೀಕ್ಷಿಸಿದ ಕೆಲಸ ಸಿಗಲಿಲ್ಲ. ಪದಕ, ಪ್ರಶಸ್ತಿ, ದೇಶಪ್ರಸಿದ್ಧಿ ಎಲ್ಲ ಇದ್ದ ಕಾಲ ಅದು.

ತಮ್ಮ ರಾಜರಾಜವರ್ಮರ ಬಗ್ಗೆ ಎರಡು ಮಾತು ಹೇಳಲೇಬೇಕು. ರವಿವರ್ಮ ಎಂಬ ಹೆಸರಿನಡಿ ಹೊರಬಂದ ಎಷ್ಟೋ ಚಿತ್ರಗಳ ಹಿನ್ನೆಲೆಯ ಬೆಟ್ಟ ನದಿ ಮರಗಳಲ್ಲಿ ಅವರ ಕೈಯಿದೆ. ಪ್ರವಾಸ, ಲೆಕ್ಕಪತ್ರ, ಪತ್ರವ್ಯವಹಾರ ಅವರದೇ. ಅವರು ಇಂಗ್ಲಿಷಿನಲ್ಲಿ ಇಟ್ಟ ದಿನಚರಿ ಇಲ್ಲದಿದ್ದರೆ ಈ ಬಳಗದ ಒಳಗಿನ ಸುದ್ದಿ ನಮಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅವರು 1905ರಲ್ಲಿ ತೀರಿಕೊಂಡರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಒಪ್ಪಿಕೊಂಡಿದ್ದ ಪುರಾಣಚಿತ್ರಗಳ ಕೆಲಸದ ನಡುವೆ ಅಣ್ಣ ಒಂಟಿಯಾದರು. 1906ರ ಅಕ್ಟೋಬರ್ 2ರಂದು ರವಿವರ್ಮರೂ ಹೋದರು. ತಂಗಿ ಮಂಗಳಾಬಾಯಿಯೂ ಚಿತ್ರಕಾರ್ತಿ, ಅಣ್ಣನ ಭಾವಚಿತ್ರ ಬರೆದವರು. ಆದರೆ ಊರೂರು ತಿರುಗಿ ಅರಮನೆಗಳ ಕೆಲಸ ಹಿಡಿಯುವ ದಾರಿ ಆ ಮನೆಯ ಹೆಂಗಸರಿಗೆ ತೆರೆದಿರಲಿಲ್ಲ.

ಮೂರು ಚಿತ್ರಗಳು

ಬಳಗವನ್ನು ತಿಳಿದ ಮೇಲೆ ಚಿತ್ರ ಬೇರೆಯಾಗಿ ಕಾಣುತ್ತದೆ. ಮೊದಲನೆಯದು 1881ರದು: ತಿರುವಾಂಕೂರಿನ ಮಹಾರಾಜರು ಮತ್ತು ಅವರ ತಮ್ಮ ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮರನ್ನು ಸ್ವಾಗತಿಸುತ್ತಿರುವ ದೊಡ್ಡ ಚಿತ್ರ. ಭೇಟಿ ನಡೆದದ್ದು 1880ರಲ್ಲಿ. ಚಿತ್ರ ಮುಗಿಯುವ ಹೊತ್ತಿಗೆ ಆಯಿಲ್ಯಂ ತಿರುನಾಳ್ ತೀರಿಹೋಗಿದ್ದರು, ಗವರ್ನರರ ಅವಧಿಯೂ ಮುಗಿದಿತ್ತು. ಬದುಕಿಲ್ಲದ ರಾಜ ಅಧಿಕಾರವಿಲ್ಲದ ಗವರ್ನರನನ್ನು ಬರಮಾಡಿಕೊಳ್ಳುವ ಆ ದೃಶ್ಯ ಸಮಾಚಾರವಲ್ಲ, ದಾಖಲೆ: ನಮ್ಮ ಸಂಸ್ಥಾನಕ್ಕೂ ಬ್ರಿಟಿಷರಿಗೂ ಸಂಬಂಧ ಹೀಗಿತ್ತು ಎಂದು ಮುಂದಿನವರಿಗೆ ತೋರಿಸುವುದು ಅದರ ಕೆಲಸ.

ಎರಡನೆಯದು 1893ರ ‘ಅಗೋ ಅಪ್ಪ ಬಂದರು’ ಎಂಬ ಅರ್ಥದ ಹೆಸರಿನ ಚಿತ್ರ. ಹೆಣ್ಣೊಬ್ಬಳು ಮಗುವನ್ನೆತ್ತಿಕೊಂಡು ನಿಂತು ಎಡಗಡೆ ನೋಡುತ್ತಿದ್ದಾಳೆ. ಕಾಲ ಬಳಿ ನಾಯಿಯಿದೆ. ಬರುತ್ತಿರುವ ಅಪ್ಪ ಚೌಕಟ್ಟಿನೊಳಗೆ ಇಲ್ಲವೇ ಇಲ್ಲ. ಎದುರು ನಿಂತವರು ರವಿವರ್ಮರ ಹಿರಿಯ ಮಗಳು ಮಹಾಪ್ರಭ, ಸೇತು ಲಕ್ಷ್ಮೀಬಾಯಿಯ ತಾಯಿ. ಆ ವರ್ಷ ಷಿಕಾಗೋದ ವಿಶ್ವಮೇಳಕ್ಕೆ ಹೋದ ಅವರ ಹತ್ತು ಚಿತ್ರಗಳಲ್ಲಿ ಇದೂ ಒಂದು. ಉತ್ತರದವರಿಗೆ ಇದು ತಾಯಿ ಮಗುವಿನ ಚೆಂದದ ಚಿತ್ರವಷ್ಟೇ. ಅಳಿಯಸಂತಾನ ಕಂಡವರಿಗೆ ಇನ್ನೊಂದು ಪದರ ಕಾಣುತ್ತದೆ. ಮಗುವಿನ ಯಜಮಾನ ಸೋದರಮಾವ, ಅಪ್ಪ ಬಂದುಹೋಗುವವನು. ಅದೇ ಹೊತ್ತಿಗೆ ಮಲಬಾರಿನಲ್ಲಿ ಇಂಥ ಮದುವೆಗಳಿಗೆ ಕಾನೂನಿನ ಮಾನ್ಯತೆ ಬೇಕೇ ಎಂಬ ಚರ್ಚೆ ಬಿಸಿಯಾಗಿತ್ತು. 1891ರಲ್ಲಿ ಆಯೋಗ ನೇಮಕವಾಗಿತ್ತು, 1896ರಲ್ಲಿ ಮಲಬಾರ್ ವಿವಾಹ ಕಾಯ್ದೆ ಬಂತು. ತಾಯಿಮನೆಯ ಬಾಗಿಲಲ್ಲಿ ಅಪ್ಪನಿಗಾಗಿ ಕಾಯುವ ಹೆಂಡತಿ ಮಗುವಿನ ಚಿತ್ರವನ್ನು ಆ ಚರ್ಚೆಯ ಜೊತೆಗಿಟ್ಟು ಓದುವ ವಿದ್ವಾಂಸರಿದ್ದಾರೆ. ಆ ಓದು ನನಗೆ ಒಪ್ಪಿಗೆ.

ಮೂರನೆಯದು ಎಲ್ಲಕ್ಕಿಂತ ಹಿಂದಿನದು. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕ ಗೆದ್ದದ್ದು ಮಲ್ಲಿಗೆ ಮುಡಿಯುತ್ತಿರುವ ನಾಯರ್ ಮಹಿಳೆಯ ಚಿತ್ರ. ಮುಖ ಯಾರದೋ ನಿಜವಾದ ಹೆಣ್ಣಿನದು, ಆದರೆ ಶೀರ್ಷಿಕೆಯಲ್ಲಿ ಜಾತಿಯಿದೆ, ಹೆಸರಿಲ್ಲ. ರಾಣಿಯ ಚಿತ್ರದಲ್ಲಿ ಹೆಸರು, ಬಿರುದು, ತಿರುನಾಳ್ ಅಂದರೆ ಜನ್ಮನಕ್ಷತ್ರ ಎಲ್ಲವೂ ಬರುತ್ತವೆ. ಬಳಗದ ಒಳಗಿನವರು ಯಾರು, ಹೊರಗಿನವರು ಯಾರು ಎಂಬುದು ಶೀರ್ಷಿಕೆಯಲ್ಲಿಯೇ ತಿಳಿದುಬಿಡುತ್ತದೆ.

ಅರಮನೆಯಿಂದ ದೇವರ ಕೋಣೆಗೆ

ಇನ್ನು ನಮ್ಮ ಗೋಡೆಗೆ ಬರೋಣ. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ತಿರುವಾಂಕೂರಿನ ಅರಮನೆಯ ಚಿತ್ರ ಇಲ್ಲಿಗೆ ಬರಲು ರಾಜಮಾರ್ಗವಿರಲಿಲ್ಲ. ಬಂದದ್ದು ಅಂಗಡಿಯ ಮೂಲಕ.

ಚಿತ್ರಗಳನ್ನು ಅಚ್ಚುಹಾಕಿಸಿ ಜನರಿಗೆ ತಲುಪಿಸಿರಿ ಎಂದು ಸಲಹೆ ಕೊಟ್ಟವರೂ ಮಾಧವರಾಯರೇ. 1894ರಲ್ಲಿ ಮುಂಬೈಯಲ್ಲಿ ರವಿವರ್ಮ ಮುದ್ರಣಾಲಯ ಶುರುವಾಯಿತು, ಕೆಲವು ವರ್ಷಗಳಲ್ಲಿ ಲೋಣಾವಳದ ಹತ್ತಿರದ ಮಳವಳಿಗೆ ಸ್ಥಳಾಂತರವಾಯಿತು. ಅಲ್ಲಿ ತಯಾರಾದವುಗಳಿಗೆ ಓಲಿಯೋಗ್ರಾಫ್ ಎಂದು ಹೆಸರು, ಅಂದರೆ ತೈಲಚಿತ್ರದಂತೆ ಕಾಣುವ ಬಣ್ಣದ ಅಚ್ಚು. ನಯಗೊಳಿಸಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಬಣ್ಣ ಉರುಳಿಸಿದರೆ, ಜಿಡ್ಡಿದ್ದಲ್ಲಿ ಮಾತ್ರ ಬಣ್ಣ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೆನ್ನೆಯ ಕೆಂಪಿಗೆ ಒಂದು, ಸೀರೆಯ ಹಸಿರಿಗೆ ಇನ್ನೊಂದು, ಹೀಗೆ ಅದೇ ಕಾಗದವನ್ನು ಮತ್ತೆ ಮತ್ತೆ ಕಲ್ಲಿಗೆ ಒತ್ತಬೇಕು. ಕೂದಲೆಳೆ ಸರಿದರೂ ಮೂಗು ಎರಡಾಗುತ್ತದೆ. ಕೊನೆಗೆ ಮೇಲೊಂದು ಹೊಳಪಿನ ಲೇಪ, ಕೆಲವೊಮ್ಮೆ ಬಟ್ಟೆಯ ನೇಯ್ಗೆಯಂತೆ ಕಾಣುವ ಒತ್ತು.

ಮುದ್ರಣಾಲಯದಿಂದ ಲಾಭ ಬರಲಿಲ್ಲ. ಸಾಲ, ಪ್ಲೇಗು, ಪಾಲುದಾರರ ತಾಪತ್ರಯಗಳ ಬಳಿಕ ರವಿವರ್ಮ ಅದನ್ನು ಅಲ್ಲಿಯೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಷ್ಲೈಷರ್‌ಗೆ ಮಾರಿದರು. ಮುದ್ರಣ ಮುಂದುವರಿಯಿತು, ರವಿವರ್ಮ ತೀರಿದ ಮೇಲೂ. ಬೆಂಕಿಪೆಟ್ಟಿಗೆ, ಸಾಬೂನು, ಔಷಧಿಗಳ ಜಾಹೀರಾತು ಮತ್ತು ಕ್ಯಾಲೆಂಡರುಗಳಿಗೆ ಅದೇ ಮುಖಗಳು ಹೋದವು. ಹೀಗೆ ದರ್ಬಾರಿನಲ್ಲಿ ರಾಣಿಯರನ್ನು ಕೂರಿಸಿ ಅಭ್ಯಾಸವಾಗಿದ್ದ ಕೈಯ ಬೆಳಕು, ನಿಲುವು, ರೇಷ್ಮೆಯ ಮಡಿಕೆಗಳು ಬದಿಯಡ್ಕ, ಮುಳ್ಳೇರಿಯ, ಪೆರ್ಲದ ದೇವರ ಕೋಣೆಗಳಲ್ಲಿ ಲಕ್ಷ್ಮಿಯ ರೂಪದಲ್ಲಿ ನೆಲೆಯಾದವು.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಂಗಾಳದ ಕಲಾವಿದರು ಮತ್ತು ವಿಮರ್ಶಕರು ಇದನ್ನೆಲ್ಲ ಯುರೋಪಿನ ಎರವಲು, ನಾಟಕೀಯ ಎಂದು ತಳ್ಳಿಹಾಕಿದರು. ಆ ವಾದ ಇಂದಿಗೂ ಮುಗಿದಿಲ್ಲ. ದೇವರ ಕೋಣೆಯವರೆಗೆ ಮಾತ್ರ ಅದು ತಲುಪಲಿಲ್ಲ.

ನಿಮ್ಮ ಮನೆಯಲ್ಲಿರುವುದು ಯಾವುದು?

ಹಳೆಯ ಮನೆಗಳಲ್ಲಿ ಸಿಗುವುದು ಸಾಮಾನ್ಯವಾಗಿ ಮೂರು ಬಗೆ. ಭೂತಗನ್ನಡಿ ಹಿಡಿದು ಹಗಲು ಬೆಳಕಿನಲ್ಲಿ, ಓರೆಯಾಗಿ ನೋಡಿ. ಕುಂಚದ ಗೆರೆಗಳು ಉಬ್ಬಿಕೊಂಡಿದ್ದು, ಬಣ್ಣದಲ್ಲಿ ಸಣ್ಣ ಬಿರುಕುಗಳಿದ್ದು, ಹಿಂದೆ ಮರದ ಚೌಕಟ್ಟಿಗೆ ಎಳೆದು ಮೊಳೆ ಹೊಡೆದ ಕ್ಯಾನ್ವಾಸ್ ಬಟ್ಟೆಯಿದ್ದರೆ ಅದು ತೈಲಚಿತ್ರವಿರಬಹುದು. ಬಣ್ಣವೆಲ್ಲ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ, ಮೇಲ್ಮೈ ಎಲ್ಲ ಕಡೆ ಒಂದೇ ಸಮವಾಗಿದ್ದರೆ, ಅದು ಅಚ್ಚು. ಕೆಳ ಅಂಚಿನಲ್ಲಿ ಮುದ್ರಣಾಲಯದ ಹೆಸರು ಇರುತ್ತಿತ್ತು. ಚೌಕಟ್ಟು ಹಾಕುವವರು ಅದನ್ನು ಕತ್ತರಿಸಿರುವುದೂ ಉಂಟು. ಕೆಲವು ಅಚ್ಚುಗಳ ಮೇಲೆ ಮನೆಯ ಹೆಂಗಸರು ಜರತಾರಿ, ಚಮಕಿ, ಮಣಿ ಅಂಟಿಸಿ ದೇವಿಗೆ ನಿಜವಾದ ಸೀರೆ ಉಡಿಸಿರುತ್ತಾರೆ. ಅದನ್ನು ಕಿತ್ತು ‘ಶುದ್ಧ’ ಮಾಡಬೇಡಿ. ಆ ಕೈಕೆಲಸ ಆ ಒಂದು ಪ್ರತಿಗೆ ಮಾತ್ರ ಇರುವಂಥದ್ದು.

ಮುಂಡಾಸಿನ ಹಿರಿಯರ ಚಿತ್ರ ಹೆಚ್ಚಾಗಿ ಮೂರನೆಯ ಬಗೆಯದು: ಕಪ್ಪುಬಿಳುಪು ಛಾಯಾಚಿತ್ರವನ್ನು ದೊಡ್ಡದು ಮಾಡಿಸಿ ಕೈಯಿಂದ ಬಣ್ಣ ಹಚ್ಚಿದ್ದು. ಕಣ್ಣು, ಬೆರಳುಗಳ ಹತ್ತಿರ ಬಣ್ಣದಡಿಯ ಛಾಯಾಚಿತ್ರ ಇಣುಕುತ್ತದೆ. ಭಾವಚಿತ್ರದ ಆಸೆ ಇದ್ದು ರವಿವರ್ಮರನ್ನು ಕರೆಸುವ ಶಕ್ತಿಯಿಲ್ಲದ ಮನೆಗಳಿಗೆ ಸ್ಟುಡಿಯೋದವರು ತೋರಿಸಿದ ದಾರಿ ಅದು. ಹರಾಜಿನಲ್ಲಿ ಅದಕ್ಕೆ ಕೋಟಿ ಬರುವುದಿಲ್ಲ. ಆದರೆ ಲಕ್ಷ್ಮಿಯ ಅಚ್ಚು ಸಾವಿರ ಮನೆಗಳಲ್ಲಿ ಸಿಗುತ್ತದೆ, ನಿಮ್ಮ ಅಜ್ಜಿಯ ಸೋದರಮಾವ ಸಿಗುವುದು ಅದೊಂದರಲ್ಲೇ.

ಮೂರಕ್ಕೂ ಶತ್ರು ಒಂದೇ, ನಮ್ಮ ಮಳೆಗಾಲ. ಹೊರಗೋಡೆಗೆ ತಾಗಿಸಿ ತೂಗಿಸಿದರೆ ತೇವ ಹಿಂದಿನಿಂದ ಹತ್ತುತ್ತದೆ. ಒಳಗೋಡೆಯಲ್ಲಿ, ಹಿಂದೆ ಗಾಳಿಯಾಡುವಷ್ಟು ಜಾಗ ಬಿಟ್ಟು ತೂಗಿಸಬೇಕು. ಒದ್ದೆ ಬಟ್ಟೆಯಿಂದ ಒರೆಸುವುದು, ತೆಂಗಿನೆಣ್ಣೆ ಸವರಿ ಹೊಳಪು ತರುವುದು ಎರಡೂ ಕೇಡು.

ಮಾರುವ ಮೊದಲು

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಚಿತ್ರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಅಂಗಳಕ್ಕೆ ಬಂದ ವ್ಯಾಪಾರಿಯ ಬಳಿ ಮೊದಲು ಕೇಳಬೇಕಾದದ್ದು ಅದನ್ನೇ. ರವಿವರ್ಮರ ಕೃತಿಗಳನ್ನು 1979ರಲ್ಲಿ ಕಲಾನಿಧಿ ಎಂದೂ ಘೋಷಿಸಲಾಗಿದೆ, ರವೀಂದ್ರನಾಥ ಠಾಕೂರ್, ಅಮೃತಾ ಶೇರ್‌ಗಿಲ್ ಮೊದಲಾದವರ ಕೃತಿಗಳಂತೆ. ಅವರ ಮೂಲಚಿತ್ರಗಳು ದೇಶದೊಳಗೆ ಕೈಬದಲಾಗಬಹುದು, ಗಡಿ ದಾಟುವಂತಿಲ್ಲ. ದೇಶದೊಳಗಿನ ಹರಾಜಿನಲ್ಲಿ ಬೆಲೆ ಏರುವಾಗ ಕೊಳ್ಳುವವರೂ ಹೆಚ್ಚಾಗಿ ಇಲ್ಲಿಯವರೇ ಆಗಿರುವುದಕ್ಕೆ ಇದೂ ಕಾರಣ.

ಮೂಲಚಿತ್ರ ಹೇಗಿರುತ್ತದೆಂದು ಕಣ್ಣಿಗೆ ಪರಿಚಯ ಮಾಡಿಕೊಳ್ಳಲು ನಮಗೆ ಎರಡು ದಾರಿಗಳಿವೆ: ಮೈಸೂರಿನ ಜಗನ್ಮೋಹನ ಅರಮನೆ, ತಿರುವನಂತಪುರದಲ್ಲಿ 1935ರಲ್ಲಿ ತೆರೆದ ಶ್ರೀಚಿತ್ರಾ ಆರ್ಟ್ ಗ್ಯಾಲರಿಯ ಸಂಗ್ರಹ. ಎರಡನ್ನೂ ರೂಪಿಸುವುದರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರ ಪಾತ್ರವಿತ್ತು.

ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಮಾಡಿದ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಆಮೇಲೆ ಗದ್ದೆ ತೋಟಗಳಿಗೆ ಪಾಲುಪತ್ರವಾಯಿತು, ಗೋಡೆಯ ಚಿತ್ರಗಳಿಗೆ ಯಾರೂ ಪಟ್ಟಿ ಬರೆಯಲಿಲ್ಲ. ಈಗಲಾದರೂ ಚಿತ್ರದ ಮುಂಭಾಗ, ಹಿಂಭಾಗ ಎರಡರ ಫೋಟೋ ತೆಗೆದು, ಅದರಲ್ಲಿರುವವರು ಯಾರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಬಹುದು. ಚೌಕಟ್ಟು ಬದಲಿಸಲು ಕೊಡುವಾಗ ಹಿಂಬದಿಯ ಹಳೆಯ ಹಲಗೆಯನ್ನು ಎಸೆಯಬೇಡಿರೆಂದು ಅಂಗಡಿಯವರಿಗೆ ಮೊದಲೇ ಹೇಳಿ. ಸ್ಟುಡಿಯೋದ ಚೀಟಿ, ಇಸವಿ, ಸೀಸದಕಡ್ಡಿಯಲ್ಲಿ ಬರೆದ ಹೆಸರು ಇದ್ದರೆ ಇರುವುದು ಅದರ ಮೇಲೆಯೇ.